ಎಂ. ಪಿ. ಗಣೇಶ್: ಹಾಕಿ ಆಟಗಾರನಿಂದ ತರಬೇತುದಾರನವರೆಗೆ

ಮೊಳ್ಳೇರ ಪೂವಯ್ಯ ಗಣೇಶ್ (ಜನನ 8 ಜುಲೈ 1946) ಭಾರತ ಹಾಕಿ ತಂಡದ ಮಾಜಿ ನಾಯಕ, ಆಮೇಲೆ ಅದೇ ತಂಡದ ತರಬೇತುದಾರ, ಕೊನೆಗೆ ಕ್ರೀಡಾ ಆಡಳಿತಗಾರ. ಕೊಡಗಿನವರು. 1971ರ ಮೊದಲ ವಿಶ್ವಕಪ್‌ನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು, 1973ರ ವಿಶ್ವಕಪ್‌ನಲ್ಲಿ ನಾಯಕನಾಗಿ ಬೆಳ್ಳಿ, 1970 ಮತ್ತು 1974ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಬೆಳ್ಳಿ ಅವರ ಪಾಲಿಗೆ ಬಂದವು. 1973ರಲ್ಲಿ ಅರ್ಜುನ ಪ್ರಶಸ್ತಿ, 2020ರಲ್ಲಿ ಪದ್ಮಶ್ರೀ. 1988ರ ಸೋಲ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡವನ್ನು ತಯಾರು ಮಾಡಿದವರು ಅವರೇ.

ಈ ಪಟ್ಟಿಯಲ್ಲಿ ಪದಕಗಳ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ತರಬೇತಿಯ ಸಾಲಿನ ಹತ್ತಿರ ಹೆಚ್ಚು ಜನ ನಿಲ್ಲುವುದಿಲ್ಲ. ಕರ್ನಾಟಕದ ಹಾಕಿ ಚರಿತ್ರೆ ಬರೆದವರೂ ಆಟಗಾರರ ಗೋಲುಗಳನ್ನು ಎಣಿಸಿದಷ್ಟು ಕಾಳಜಿಯಿಂದ ತರಬೇತುದಾರರ ವರ್ಷಗಳನ್ನು ಎಣಿಸಿಲ್ಲ. ಆದರೆ ಒಬ್ಬ ಆಟಗಾರ ಮೈದಾನದಲ್ಲಿ ಹತ್ತು ವರ್ಷ ಕಲಿತದ್ದು ಮುಂದಿನ ತಲೆಮಾರಿಗೆ ದಾಟುವುದು ತರಬೇತಿಯ ದಾರಿಯಲ್ಲೇ. ಆ ದಾರಿ ನಮ್ಮಲ್ಲಿ ಎಲ್ಲಿ ಅಗಲವಾಯಿತು, ಎಲ್ಲಿ ಕಿರಿದಾಯಿತು ಎಂದು ತಿಳಿಯಲು ಗಣೇಶರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೊಡಗಿನಲ್ಲಿ ಹಾಕಿ ಬೆಳೆದದ್ದಕ್ಕೆ ಸೇನೆಯ ನಂಟು ಒಂದು ದೊಡ್ಡ ಕಾರಣ. ಮನೆಗೊಬ್ಬರಂತೆ ಸೈನ್ಯಕ್ಕೆ ಹೋದ ಕಾಲದಲ್ಲಿ ರೆಜಿಮೆಂಟಿನ ಮೈದಾನದ ಆಟ ರಜೆಯ ಮೇಲೆ ಊರಿಗೆ ಬರುವವರ ಜೊತೆ ಬೆಟ್ಟ ಹತ್ತಿತು. ಗಣೇಶ್ ಹರೆಯದಲ್ಲಿ ಕೊಡಗಿನ ಪರವಾಗಿ ಮೊದಲು ಆಡಿದ್ದು ಫುಟ್‌ಬಾಲ್. ಸೇನೆ ಸೇರಿದ ಮೇಲೆ ಹಾಕಿಯೇ ಅವರ ಆಟವಾಯಿತು. 1966ರಿಂದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಸರ್ವಿಸಸ್ ತಂಡದ ಪರ ಆಡಿದರು, ಆಮೇಲೆ ಮುಂಬಯಿಗೂ ಆಡಿದರು. ಅಂದಿನ ದಿನಗಳಲ್ಲಿ ಆಟಗಾರನಿಗೆ ಅನ್ನ ಕೊಡುತ್ತಿದ್ದುದು ಸೇನೆ, ರೈಲ್ವೆ, ಪೊಲೀಸ್, ಬ್ಯಾಂಕು, ತೈಲ ಕಂಪನಿಗಳು. ಆಟವೇ ಕೆಲಸವಾಗಿದ್ದ ಕಾಲ ಅದಲ್ಲ. ಕೆಲಸ ಇದ್ದವರಿಗೆ ಮಾತ್ರ ಆಡಲು ಸಾಧ್ಯವಾಗುತ್ತಿದ್ದ ಕಾಲ.

ಅವರು ಭಾರತ ತಂಡಕ್ಕೆ ಬಂದಾಗ ಆ ತಂಡದ ಹೆಗಲ ಮೇಲೆ ಹಳೆಯ ಕೀರ್ತಿಯ ಭಾರ ಇತ್ತು. 1928ರಿಂದ 1956ರವರೆಗೆ ಆರು ಒಲಿಂಪಿಕ್ ಚಿನ್ನ ಸತತವಾಗಿ ಬಂದಿದ್ದವು, 1964ರಲ್ಲಿ ಇನ್ನೊಂದು. 1968ರ ಮೆಕ್ಸಿಕೊದಲ್ಲಿ ಕಂಚಿಗೆ ಇಳಿದಿತ್ತು. 1970ರ ಬ್ಯಾಂಕಾಕ್ ಏಷ್ಯನ್ ಕೂಟದ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಒಂದು ಗೋಲಿನಿಂದ ಸೋಲು. 1971ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಮೊದಲ ವಿಶ್ವಕಪ್‌ನ ಸೆಮಿಫೈನಲ್‌ನಲ್ಲೂ ಪಾಕಿಸ್ತಾನವೇ ಎದುರು, 2-1ರಿಂದ ಸೋಲು. ಮೂರನೇ ಸ್ಥಾನಕ್ಕೆ ಕೀನ್ಯಾ ವಿರುದ್ಧ ಗೆಲುವು. 1972ರ ಮ್ಯೂನಿಕ್‌ನಲ್ಲಿ ಮತ್ತೆ ಸೆಮಿಫೈನಲ್, ಮತ್ತೆ ಪಾಕಿಸ್ತಾನ, 2-0. ಕಂಚಿನ ಪಂದ್ಯದಲ್ಲಿ ನೆದರ್ಲೆಂಡ್ಸ್ ವಿರುದ್ಧ 2-1ರ ಗೆಲುವು. ಮೂರು ವರ್ಷ, ಮೂರು ಸಲ ಅದೇ ಗೋಡೆಗೆ ತಲೆ ಹೊಡೆದುಕೊಂಡ ತಂಡಕ್ಕೆ 1973ರಲ್ಲಿ ಗಣೇಶ್ ನಾಯಕರಾದರು.

ಆ ವರ್ಷದ ವಿಶ್ವಕಪ್ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್ವೀನ್ ಎಂಬ ಊರಿನಲ್ಲಿ. ಸೆಮಿಫೈನಲ್‌ನಲ್ಲಿ ಕಡೆಗೂ ಪಾಕಿಸ್ತಾನವನ್ನು 1-0ರಿಂದ ದಾಟಿತು ಭಾರತ. ಸೆಪ್ಟೆಂಬರ್ 2ರ ಫೈನಲ್‌ನಲ್ಲಿ ಆತಿಥೇಯರ ವಿರುದ್ಧ ಮೊದಲ ಕೆಲವೇ ನಿಮಿಷಗಳಲ್ಲಿ ಸುರ್ಜಿತ್ ಸಿಂಗ್ ಪೆನಾಲ್ಟಿ ಕಾರ್ನರ್‌ಗಳಿಂದ ಎರಡು ಗೋಲು ಹೊಡೆದರು. ವಿಶ್ವಕಪ್ ಕೈಗೆ ಬಂತು ಎನ್ನುವಷ್ಟರಲ್ಲಿ ಡಚ್ಚರು ಒಂದೊಂದಾಗಿ ಎರಡನ್ನೂ ತೀರಿಸಿದರು. ನಿಗದಿತ ವೇಳೆ ಮುಗಿಯಿತು, ಹೆಚ್ಚುವರಿ ಆಟ ಶುರುವಾಯಿತು. ಆಗ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು.

ಪೆನಾಲ್ಟಿ ಸ್ಟ್ರೋಕ್ ಎಂದರೆ ಗೋಲಿನಿಂದ 6.4 ಮೀಟರ್ ದೂರದಲ್ಲಿ ಚೆಂಡು, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಹೊಡೆಯುವವನು ಚೆಂಡನ್ನು ತಳ್ಳಬಹುದು, ಎತ್ತಬಹುದು, ಬೀಸಿ ಹೊಡೆಯುವಂತಿಲ್ಲ. ಕೀಪರ್ ಚೆಂಡು ಕದಲುವವರೆಗೆ ಗೆರೆ ಬಿಡುವಂತಿಲ್ಲ. ಲೆಕ್ಕ ಹೊಡೆಯುವವನ ಕಡೆಗೇ ಇದೆ. ಸ್ಟಿಕ್ ಹಿಡಿದು ನಿಂತವರು ಸೋಮವಾರಪೇಟೆಯ ಬಿ. ಪಿ. ಗೋವಿಂದ, ಆಗ ಇಪ್ಪತ್ತೆರಡು ವರ್ಷದ ಚುರುಕಾದ ಫಾರ್ವರ್ಡ್. ಚೆಂಡು ಗೋಲಾಗಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಡಚ್ ಕೀಪರ್ ಮಾರ್ಟನ್ ಸಿಕಿಂಗ್ ಅದನ್ನು ತಡೆದರು. ಆಮೇಲೆ ನಡೆದ ಸ್ಟ್ರೋಕ್‌ಗಳ ಸರಣಿಯಲ್ಲಿ ನೆದರ್ಲೆಂಡ್ಸ್ 4-2ರಿಂದ ಗೆದ್ದಿತು. ನಾಯಕನೂ ಕೊಡಗಿನವರು, ಸ್ಟ್ರೋಕ್ ತೆಗೆದುಕೊಂಡವರೂ ಕೊಡಗಿನವರು. ಎರಡು ವರ್ಷದ ನಂತರ, 1975ರ ಕ್ವಾಲಾಲಂಪುರದಲ್ಲಿ, ಗೋವಿಂದ ಇದ್ದ ತಂಡ ಅಜಿತ್‌ಪಾಲ್ ಸಿಂಗ್ ನಾಯಕತ್ವದಲ್ಲಿ ವಿಶ್ವಕಪ್ ಗೆದ್ದಾಗ ಗಣೇಶ್ ಆ ತಂಡದಲ್ಲಿ ಇರಲಿಲ್ಲ. ಭಾರತ ಗೆದ್ದ ಏಕೈಕ ಹಾಕಿ ವಿಶ್ವಕಪ್ ಅದೇ. ಅದಕ್ಕೆ ಅಷ್ಟು ಹತ್ತಿರ ಹೋಗಿ ಬಂದ ನಾಯಕನ ಹೆಸರು ಇಂದಿನ ಶಾಲಾ ಮಕ್ಕಳಿಗೆ ಗೊತ್ತಿಲ್ಲದಿರುವುದು ನೋವಿನ ಸಂಗತಿ.

ಅವರು ಆಡುವುದನ್ನು ಬಿಟ್ಟ ಹೊತ್ತಿಗೆ ಹಾಕಿಯ ನೆಲವೇ ಬದಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಪಂದ್ಯಗಳು ನಡೆದವು. ವಿಶ್ವ ಚಾಂಪಿಯನ್ ಭಾರತ ಏಳನೇ ಸ್ಥಾನಕ್ಕೆ ಬಿತ್ತು. ಹುಲ್ಲಿನ ಮೇಲೆ ಚೆಂಡು ಪುಟಿಯುತ್ತದೆ, ತಿರುಗುತ್ತದೆ, ನಿಧಾನವಾಗುತ್ತದೆ. ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಮೂವರನ್ನು ತಪ್ಪಿಸಿ ಹೋಗುವ ಕೈಚಳಕ ಭಾರತ, ಪಾಕಿಸ್ತಾನದ ಆಸ್ತಿ. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ನೇರ ಓಡುತ್ತದೆ, ಬಲು ವೇಗವಾಗಿ. ಅಲ್ಲಿ ಒಬ್ಬನ ಕೈಚಳಕಕ್ಕಿಂತ ಹನ್ನೊಂದು ಜನ ಯಾವಾಗ ಎಲ್ಲಿ ನಿಲ್ಲಬೇಕು ಎಂಬ ಲೆಕ್ಕಕ್ಕೆ ಬೆಲೆ. 91.4 ಮೀಟರ್ ಉದ್ದ, 55 ಮೀಟರ್ ಅಗಲದ ಅಂಗಳವನ್ನು ಪೂರ್ತಿ ಓಡಿ ಮುಗಿಸುವ ಶ್ವಾಸ ಬೇಕು. ಎದುರಾಳಿಯ ಪೆನಾಲ್ಟಿ ಕಾರ್ನರ್ ಹೇಗೆ ಬರುತ್ತದೆ ಎಂದು ಮೊದಲೇ ಓದಿಕೊಂಡಿರಬೇಕು.

ಇದರಿಂದ ತರಬೇತುದಾರನ ಕೆಲಸದ ಅರ್ಥವೇ ಬೇರೆಯಾಯಿತು. ಹಳೆಯ ಕಾಲದಲ್ಲಿ ಹಿರಿಯ ಆಟಗಾರನೊಬ್ಬ ಹುಡುಗರನ್ನು ಸೇರಿಸಿ, ಓಡಿಸಿ, ಧೈರ್ಯ ಹೇಳಿದರೆ ಸಾಕಿತ್ತು. 1976ರ ನಂತರ ದೇಹಶಾಸ್ತ್ರ ಬೇಕಾಯಿತು, ಆಹಾರದ ಲೆಕ್ಕ ಬೇಕಾಯಿತು, ಬರಬರುತ್ತಾ ವಿಡಿಯೊ ನೋಡಿ ಎದುರಾಳಿಯನ್ನು ಬಿಡಿಸಿ ಓದುವ ವಿದ್ಯೆಯೂ ಬೇಕಾಯಿತು. 1990ರ ದಶಕದಲ್ಲಿ ಆಫ್‌ಸೈಡ್ ನಿಯಮ ಹೋಯಿತು. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸುವ ಅವಕಾಶ ಬಂತು. ಈಗ ಪಂದ್ಯ 15 ನಿಮಿಷಗಳ ನಾಲ್ಕು ಭಾಗಗಳಲ್ಲಿ ನಡೆಯುತ್ತದೆ. ಪ್ರತಿ ಬಿಡುವಿನಲ್ಲೂ ತರಬೇತುದಾರ ತಂಡದ ಮುಂದೆ ನಿಂತು ಯೋಜನೆ ತಿದ್ದುತ್ತಾನೆ. ಹಿಂದೆ 35 ನಿಮಿಷಗಳ ಎರಡೇ ಭಾಗ ಇದ್ದಾಗ ಒಳಗೆ ಹೋದ ನಾಯಕನೇ ಸರ್ವಸ್ವ. ಇಂದು ಬದಿಯ ಬೆಂಚೂ ಆಟದ ಒಂದು ಭಾಗ.

ಕಾರ್ನರ್ ಅಭ್ಯಾಸವೊಂದನ್ನೇ ತೆಗೆದುಕೊಳ್ಳಿ. ಒಬ್ಬ ಗೋಲಿನ ಪಕ್ಕದ ಬ್ಯಾಕ್‌ಲೈನಿನಿಂದ ಚೆಂಡು ತಳ್ಳುತ್ತಾನೆ, ಇನ್ನೊಬ್ಬ ವೃತ್ತದ ಹೊರಗೆ ಅದನ್ನು ತಡೆದು ನಿಲ್ಲಿಸುತ್ತಾನೆ, ಮೂರನೆಯವನು ಸ್ಟಿಕ್ಕಿನ ಬಾಗಿನಲ್ಲಿ ಚೆಂಡನ್ನು ಎಳೆದು, ಸೊಂಟ ತಿರುಗಿಸಿ, ಗೋಲಿನ ಮೂಲೆಗೆ ಎಸೆಯುತ್ತಾನೆ. ಇದೇ ಡ್ರ್ಯಾಗ್ ಫ್ಲಿಕ್. ತಳ್ಳುವವನ ಕೈ ಒಂದು ಅಂಗುಲ ಆಚೀಚೆ ಆದರೆ ಮಿಕ್ಕ ಇಬ್ಬರ ಶ್ರಮ ನೀರುಪಾಲು. ಕೊಡಗಿನ ವಿ. ಆರ್. ರಘುನಾಥ್ ಈ ವಿದ್ಯೆಯಲ್ಲಿ ಪಳಗಿ 2012 ಮತ್ತು 2016ರ ಒಲಿಂಪಿಕ್ಸ್ ಆಡಿದವರು. ಇಂಥ ಕೈ ತಯಾರಾಗಬೇಕಾದರೆ ದಿನವೂ ಒಂದೇ ಚಲನೆಯನ್ನು ನೂರಾರು ಸಲ ಮಾಡಿಸುವ, ಪ್ರತಿ ಸಲವೂ ಕಾಲು ಎಲ್ಲಿ ಊರಿತು ಎಂದು ನೋಡುವ ಒಬ್ಬ ಮನುಷ್ಯ ಬದಿಯಲ್ಲಿ ನಿಂತಿರಬೇಕು.

ಇಂಥವರನ್ನು ತಯಾರು ಮಾಡಲು ದೇಶದಲ್ಲಿ ಸಂಸ್ಥೆಗಳು ಹುಟ್ಟಿದ್ದವು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಆರಂಭವಾಗಿ ತರಬೇತುದಾರರಿಗೆ ಡಿಪ್ಲೊಮಾ ಕೊಡತೊಡಗಿತು. 1982ರ ದೆಹಲಿ ಏಷ್ಯನ್ ಕೂಟದ ಬೆನ್ನಿಗೆ, 1984ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ರಚನೆಯಾಯಿತು. ಅದರ ದಕ್ಷಿಣ ಕೇಂದ್ರ ಬೆಂಗಳೂರಿನ ಜ್ಞಾನಭಾರತಿ ಬಳಿ ನೆಲೆಗೊಂಡಿತು; ಇಂದು ಪುರುಷರ, ಮಹಿಳೆಯರ ರಾಷ್ಟ್ರೀಯ ಹಾಕಿ ಶಿಬಿರಗಳು ಬಹುಪಾಲು ನಡೆಯುವುದು ಅಲ್ಲೇ. ಪಂಜಾಬಿನ, ಒಡಿಶಾದ, ಮಣಿಪುರದ, ಹರಿಯಾಣದ ಹುಡುಗ ಹುಡುಗಿಯರು ವರ್ಷದ ಹೆಚ್ಚಿನ ತಿಂಗಳು ಕಳೆಯುವುದು ಕನ್ನಡದ ನೆಲದಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಎರಡೂ ತಂಡಗಳು ಅಲ್ಲೇ ಉಳಿದುಕೊಂಡಿದ್ದವು. ಮರುವರ್ಷ ಟೋಕಿಯೊದಲ್ಲಿ ಪುರುಷರು ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ನಂತರ ಒಲಿಂಪಿಕ್ ಪದಕ ತಂದರು, ಮಹಿಳೆಯರು ನಾಲ್ಕನೇ ಸ್ಥಾನಕ್ಕೇರಿದರು.

ಗಣೇಶ್ ರಾಷ್ಟ್ರೀಯ ತಂಡದ ತರಬೇತುದಾರರಾದದ್ದು ಈ ವ್ಯವಸ್ಥೆ ಇನ್ನೂ ಎಳೆಯದಾಗಿದ್ದಾಗ. 1980ರ ಮಾಸ್ಕೊದಲ್ಲಿ ಚಿನ್ನ ಬಂದಿತ್ತು, ನಿಜ. ಆದರೆ ಹಲವು ಬಲಿಷ್ಠ ತಂಡಗಳು ಬಹಿಷ್ಕಾರದ ಕಾರಣ ಅಲ್ಲಿಗೆ ಬಂದಿರಲಿಲ್ಲ. ಯುರೋಪಿನಲ್ಲಿ ಟರ್ಫ್ ಮೈದಾನಗಳು ಬೇಗ ಬೇಗ ಹರಡಿದವು. ಭಾರತದಲ್ಲಿ ಮಕ್ಕಳು ಮಣ್ಣಿನ ಮೇಲೆ, ಹುಲ್ಲಿನ ಮೇಲೆ ಕಲಿತು, ರಾಷ್ಟ್ರೀಯ ಶಿಬಿರಕ್ಕೆ ಬಂದ ಮೇಲೆ ಟರ್ಫ್ ಕಾಣುತ್ತಿದ್ದರು. ಹದಿನೆಂಟು ವರ್ಷ ಒಂದು ಬಗೆಯ ಓಟಕ್ಕೆ ಒಗ್ಗಿದ ಕಾಲನ್ನು ಆರು ತಿಂಗಳ ಶಿಬಿರದಲ್ಲಿ ಬದಲಿಸುವ ಹೊಣೆ ತರಬೇತುದಾರನ ಮೇಲೆ ಬೀಳುತ್ತಿತ್ತು.

1988ರ ಸೋಲ್ ತಂಡದ ನಾಯಕ ಎಂ. ಎಂ. ಸೋಮಯ್ಯ. ಅವರೂ ಕೊಡಗು ಮೂಲದವರು, ಮಾಸ್ಕೊ ಚಿನ್ನದ ತಂಡದಲ್ಲಿದ್ದ ಮಿಡ್‌ಫೀಲ್ಡ್ ಆಟಗಾರ. ಬೆಂಗಳೂರಿನ ಜೂಡ್ ಫೆಲಿಕ್ಸ್ ತಂಡದಲ್ಲಿದ್ದರು. ಮೊಹಮ್ಮದ್ ಶಾಹಿದ್, ಪರ್ಗತ್ ಸಿಂಗ್‌ರಂಥ ದೊಡ್ಡ ಹೆಸರುಗಳಿದ್ದವು. ಮೊದಲ ಪಂದ್ಯದಲ್ಲೇ ಸೋವಿಯತ್ ಒಕ್ಕೂಟದ ಎದುರು ಒಂದು ಗೋಲಿನ ಸೋಲು. ಹಾಕಿಯಲ್ಲಿ ಯಾರೂ ದೊಡ್ಡದಾಗಿ ಲೆಕ್ಕಕ್ಕೆ ಇಟ್ಟುಕೊಳ್ಳದ ತಂಡ ಅದು. ಪಶ್ಚಿಮ ಜರ್ಮನಿಯ ಜೊತೆ 1-1ರ ಸಮ. ದಕ್ಷಿಣ ಕೊರಿಯಾ, ಕೆನಡಾ ವಿರುದ್ಧ ಗೆಲುವು. ಬ್ರಿಟನ್ ಎದುರು ಸೋಲು. ಸೆಮಿಫೈನಲ್ ಬಾಗಿಲು ಮುಚ್ಚಿತು. ಕೊನೆಗೆ ಐದನೇ ಸ್ಥಾನದ ಪಂದ್ಯದಲ್ಲಿ ಪಾಕಿಸ್ತಾನಕ್ಕೆ ಸೋತು ಆರನೇ ಸ್ಥಾನ.

ಆರನೇ ಸ್ಥಾನ ಎಂದರೆ ಆಗಿನ ಭಾರತಕ್ಕೆ ಅವಮಾನ. ಆದರೆ ಪಟ್ಟಿಯನ್ನು ನಿಧಾನವಾಗಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಚಿನ್ನ ಗೆದ್ದ ಬ್ರಿಟನ್, ಬೆಳ್ಳಿ ಗೆದ್ದ ಪಶ್ಚಿಮ ಜರ್ಮನಿ ಎರಡೂ ಭಾರತದ ಗುಂಪಿನಲ್ಲೇ ಇದ್ದವು. ಫೈನಲ್‌ನಲ್ಲಿ ಬ್ರಿಟನ್ 3-1ರಿಂದ ಗೆದ್ದಿತು. ಅದೇ ಜರ್ಮನಿಯನ್ನು ಭಾರತ ಸಮದಲ್ಲಿ ಹಿಡಿದಿಟ್ಟಿತ್ತು. ಕೆಟ್ಟದ್ದೆಂದರೆ ಸೋವಿಯತ್ ವಿರುದ್ಧ ಕಳೆದುಕೊಂಡ ಆ ಮೊದಲ ಪಂದ್ಯ. ತರಬೇತುದಾರನನ್ನು ಅಳೆಯುವವರು ಸ್ಥಾನದ ಅಂಕಿಯೊಂದನ್ನೇ ಹಿಡಿದರೆ ಅನ್ಯಾಯವಾಗುತ್ತದೆ. ಗುಂಪು ಯಾವುದು, ಕೈಗೆ ಸಿಕ್ಕ ಆಟಗಾರರು ಎಷ್ಟು ದಿನ ಟರ್ಫ್ ಕಂಡವರು ಎಂಬುದನ್ನೂ ಕೇಳಬೇಕು. ಭಾರತೀಯ ಹಾಕಿಯಲ್ಲಿ ಆ ತಾಳ್ಮೆ ಯಾವತ್ತೂ ಕಡಿಮೆ. ಒಂದು ಕೂಟ ಸೋತರೆ ತರಬೇತುದಾರ ಬದಲಾಗುವುದು ವಾಡಿಕೆಯೇ ಆಗಿಬಿಟ್ಟಿತು.

ಮುಂದೆ ಗಣೇಶ್ ಕ್ರೀಡಾ ಪ್ರಾಧಿಕಾರದಲ್ಲಿ ಹಿರಿಯ ಹೊಣೆಗಳನ್ನು ಹೊತ್ತರು. ಮೈದಾನದ ಬದಿಯಿಂದ ಕಚೇರಿಯ ಮೇಜಿಗೆ ಹೋದದ್ದು ಹಿಂದಡಿ ಎಂದು ಕೆಲವರಿಗೆ ಅನಿಸಬಹುದು. ಈ ಲೇಖಕನಿಗೆ ಹಾಗೆ ಅನಿಸುವುದಿಲ್ಲ: ಆಡಿದವನು, ಆಡಿಸಿದವನು ಆಡಳಿತದಲ್ಲಿ ಕೂತಾಗಲೇ ಟರ್ಫ್‌ಗೆ ಹಣ ಯಾಕೆ ಬೇಕು, ಶಿಬಿರಕ್ಕೆ ಎಷ್ಟು ದಿನ ಬೇಕು ಎಂಬುದು ಕಡತಕ್ಕೆ ಅರ್ಥವಾಗುವುದು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಕರ್ನಾಟಕದಿಂದ ತುಳಸಿ ಗೌಡ, ಹರೇಕಳ ಹಾಜಬ್ಬ, ವಿಜಯ ಸಂಕೇಶ್ವರ ಮುಂತಾದವರ ಜೊತೆ ಅವರ ಹೆಸರಿತ್ತು. ನಾಯಕತ್ವ ವಹಿಸಿದ ವಿಶ್ವಕಪ್ ಕಳೆದು ಆಗ 47 ವರ್ಷಗಳಾಗಿದ್ದವು.

ಅವರ ಜೊತೆಗಾರ ಗೋವಿಂದ ಬೇರೆ ದಾರಿ ಹಿಡಿದರು: ರಾಷ್ಟ್ರೀಯ ಆಯ್ಕೆ ಸಮಿತಿಯಲ್ಲಿ ಕೂತು ಕಿರಿಯರನ್ನು ಗುರುತಿಸುವ ಕೆಲಸ. ಜೂಡ್ ಫೆಲಿಕ್ಸ್‌ರ ದಾರಿ ಇನ್ನೂ ಬೇರೆ. 1988, 1992ರ ಒಲಿಂಪಿಕ್ಸ್ ಆಡಿ, 1994ರ ಸಿಡ್ನಿ ವಿಶ್ವಕಪ್‌ನಲ್ಲಿ ಭಾರತದ ನಾಯಕನಾಗಿ, ಆಮೇಲೆ ಸಿಂಗಪುರದಲ್ಲಿ ತರಬೇತಿ ನೀಡಿ, ಬೆಂಗಳೂರಿಗೆ ಮರಳಿ 2009ರಲ್ಲಿ ತಮ್ಮ ಹೆಸರಿನ ಅಕಾಡೆಮಿ ತೆರೆದರು. ಅಲ್ಲಿಗೆ ಬರುವ ಮಕ್ಕಳಲ್ಲಿ ಅನಾಥಾಲಯದವರು, ದಿನಗೂಲಿ ಕುಟುಂಬಗಳವರು ಹಲವರು. 2018ರಲ್ಲಿ ಭಾರತದ ಜೂನಿಯರ್ ತಂಡದ ತರಬೇತುದಾರರಾಗಿ ಮಲೇಷ್ಯಾದ ಸುಲ್ತಾನ್ ಆಫ್ ಜೊಹೊರ್ ಕಪ್‌ನಲ್ಲಿ ಬೆಳ್ಳಿ ತಂದರು. 2020ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಆಟಗಾರನಾಗಿ ಪಡೆದ ಅರ್ಜುನ ಪ್ರಶಸ್ತಿಗೂ ಇದಕ್ಕೂ ನಡುವೆ ಕಾಲು ಶತಮಾನ. ಆ ಇಪ್ಪತ್ತೈದು ವರ್ಷಗಳ ದುಡಿಮೆ ಪತ್ರಿಕೆಗಳ ಕ್ರೀಡಾಪುಟದಲ್ಲಿ ಅಷ್ಟಾಗಿ ಕಾಣಿಸಿದ್ದಿಲ್ಲ.

ಗೋಲ್‌ಕೀಪರ್ ಆಶಿಶ್ ಬಲ್ಲಾಳ್ 1998ರ ಬ್ಯಾಂಕಾಕ್ ಏಷ್ಯನ್ ಕೂಟದ ಫೈನಲ್‌ನಲ್ಲಿ ಕೊರಿಯನ್ನರ ಎರಡು ಸ್ಟ್ರೋಕ್ ತಡೆದು, 32 ವರ್ಷಗಳ ನಂತರ ಭಾರತಕ್ಕೆ ಆ ಚಿನ್ನ ಬರಲು ಕಾರಣರಾದವರು. ಅವರೂ ಬೆಂಗಳೂರಿನಲ್ಲಿ ಅಕಾಡೆಮಿ ನಡೆಸಿದರು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಅಥೆನ್ಸ್ ಒಲಿಂಪಿಕ್ಸ್ ಆಡಿ, ಮುಂದೆ ರಾಷ್ಟ್ರೀಯ ತಂಡದ ಸಹಾಯಕ ತರಬೇತುದಾರರಾದರು. ಟೋಕಿಯೊದಲ್ಲಿ ಇತಿಹಾಸ ಬರೆದ ಮಹಿಳಾ ತಂಡದ ಬೆಂಚಿನಲ್ಲಿ ಸಹಾಯಕ ತರಬೇತುದಾರರಾಗಿ ಕೂತಿದ್ದವರು ಕರ್ನಾಟಕದ ಅಂಕಿತಾ ಬಿ. ಎಸ್. ಆಸ್ಟ್ರೇಲಿಯಾವನ್ನು ಸೋಲಿಸಿ ಸೆಮಿಫೈನಲ್ ತಲುಪಿದ ಆ ತಂಡದ ಕಥೆ ಹೇಳುವಾಗ ಈ ಹೆಸರು ಬಿಟ್ಟುಹೋಗಬಾರದು.

ಹಾಲಪ್ಪ, ಅಂಕಿತಾ ಇಬ್ಬರ ಹುದ್ದೆಯಲ್ಲೂ ಇರುವ ‘ಸಹಾಯಕ’ ಎಂಬ ಮಾತಿಗೆ ಒಂದು ಹಿನ್ನೆಲೆ ಇದೆ: ಮುಖ್ಯ ತರಬೇತುದಾರನ ಕುರ್ಚಿ ಬಹುಪಾಲು ವಿದೇಶಿಯರದಾಯಿತು. 2004ರ ಅಥೆನ್ಸ್‌ಗೆ ಮೊದಲು ಜರ್ಮನಿಯ ಗೆರ್ಹಾರ್ಡ್ ರಾಖ್ ಬಂದರು, ಭಾರತ ಪುರುಷರ ತಂಡದ ಮೊದಲ ವಿದೇಶಿ ತರಬೇತುದಾರ. 2008ರಲ್ಲಿ ಭಾರತ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ಆ ಆಘಾತದ ನಂತರ ಸ್ಪೇನಿನ ಹೊಸೆ ಬ್ರಾಸಾ, ಆಸ್ಟ್ರೇಲಿಯಾದ ಮೈಕೆಲ್ ನಾಬ್ಸ್, ಟೆರಿ ವಾಲ್ಶ್, ನೆದರ್ಲೆಂಡ್ಸ್‌ನ ಪಾಲ್ ವ್ಯಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೋರ್ಡ್ ಮರೈನ್ ಒಬ್ಬರ ಹಿಂದೆ ಒಬ್ಬರು ಬಂದು ಹೋದರು. ನಡುವೆ 2018ರಲ್ಲಿ ಹರೇಂದ್ರ ಸಿಂಗ್, 2019ರಿಂದ ಗ್ರಹಾಂ ರೀಡ್. ವಾಲ್ಶ್ 2014ರ ಏಷ್ಯನ್ ಚಿನ್ನ ಗೆಲ್ಲಿಸಿಕೊಟ್ಟ ಕೆಲವೇ ವಾರಗಳಲ್ಲಿ ಹೊರನಡೆದರು. ಪಾಲ್ ವ್ಯಾನ್ ಆಸ್ ಉಳಿದದ್ದು ಕೆಲವೇ ತಿಂಗಳು. ಫಲ ಸಿಕ್ಕಿದ್ದು ರೀಡ್ ಕಾಲದಲ್ಲಿ. ತರಾತುರಿಯಲ್ಲಿ ಬದಲಿಸದೆ ಅವರನ್ನು ಟೋಕಿಯೊವರೆಗೂ ಉಳಿಸಿಕೊಂಡದ್ದು ಅದಕ್ಕೆ ಮುಖ್ಯ ಕಾರಣ. ವಾಲ್ಶ್, ರೀಡ್ ಇಬ್ಬರೂ ಒಲಿಂಪಿಕ್ ಬೆಳ್ಳಿ ಗೆದ್ದ ಆಟಗಾರರು. ಅವರ ದೇಶವಾದ ಆಸ್ಟ್ರೇಲಿಯಾದಲ್ಲಿ ಆಟಗಾರ ತರಬೇತುದಾರನಾಗಲು ಕ್ಲಬ್ಬಿನಿಂದ ರಾಷ್ಟ್ರೀಯ ತಂಡದವರೆಗೆ ಮೆಟ್ಟಿಲುಗಳಿವೆ.

ಆ ಮೆಟ್ಟಿಲು ಹೇಗಿರುತ್ತದೆ ಎಂದು ತಿಳಿಯಲು ಫಿನ್ಲೆಂಡಿನ ಐಸ್ ಹಾಕಿ ನೋಡಬಹುದು. ಸುಮಾರು 55 ಲಕ್ಷ ಜನರ ದೇಶ. ಅಲ್ಲಿನ ಔಲು ನಗರದಲ್ಲಿ 1960ರಲ್ಲಿ ಹುಟ್ಟಿದ ಕಾರಿ ಯಾಲೊನೆನ್ ಊರಿನ ಕ್ಲಬ್ಬಿಗೆ ಆಡಿ, ಅಮೆರಿಕ ಖಂಡದ ದೊಡ್ಡ ಲೀಗ್‌ನಲ್ಲಿ ಕ್ಯಾಲ್ಗರಿ, ಎಡ್ಮಂಟನ್ ತಂಡಗಳ ಪರ ಹಿಮದ ಮೇಲೆ ಇಳಿದು, ಮರಳಿ ಬಂದು ಮೊದಲು ಕ್ಲಬ್ಬುಗಳಿಗೆ ಕಲಿಸಿದರು. ಆಮೇಲೆ ಫಿನ್ಲೆಂಡ್ ರಾಷ್ಟ್ರೀಯ ತಂಡ, 2016ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ; ಸ್ವಿಟ್ಜರ್ಲೆಂಡಿನ ಬರ್ನ್ ಕ್ಲಬ್ಬಿಗೆ 2017, 2019ರಲ್ಲಿ ಪ್ರಶಸ್ತಿ; 2022ರಲ್ಲಿ ಜೆಕ್ ತಂಡಕ್ಕೆ ವಿಶ್ವ ಕಂಚು. ಅದೇ ಕುಲನಾಮದ ಯುಕ್ಕಾ ಯಾಲೊನೆನ್ 2022ರಲ್ಲಿ ಫಿನ್ಲೆಂಡಿಗೆ ಐಸ್ ಹಾಕಿಯ ಮೊದಲ ಒಲಿಂಪಿಕ್ ಚಿನ್ನ ಗಳಿಸಿಕೊಟ್ಟರು. ಅಲ್ಲಿ ತರಬೇತಿ ಎಂಬುದು ತನ್ನದೇ ಆದ ಪೂರ್ಣ ವೃತ್ತಿ: ಒಬ್ಬ ಮನುಷ್ಯ ಮೂವತ್ತು ವರ್ಷ ಅದರಲ್ಲೇ ಬದುಕಬಹುದು, ಸೋತರೂ ಇನ್ನೊಂದು ಕ್ಲಬ್ಬು ಕರೆಯುತ್ತದೆ.

ಕರ್ನಾಟಕದಲ್ಲೂ ಅಂಥ ಮೆಟ್ಟಿಲು ಹತ್ತಿದವರೊಬ್ಬರಿದ್ದಾರೆ, ಆದರೆ ಬೇರೆ ಆಟದಲ್ಲಿ. ರಾಹುಲ್ ದ್ರಾವಿಡ್ ಕ್ರಿಕೆಟ್ ಬಿಟ್ಟ ಮೇಲೆ ನೇರ ಹಿರಿಯರ ತಂಡಕ್ಕೆ ಹೋಗಲಿಲ್ಲ. ಮೊದಲು 19 ವರ್ಷದೊಳಗಿನವರು ಮತ್ತು ಭಾರತ ‘ಎ’ ತಂಡ. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದರು. 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರು, 2021ರ ನವೆಂಬರ್‌ನಲ್ಲಿ ಹಿರಿಯರ ತಂಡದ ಮುಖ್ಯ ತರಬೇತುದಾರ, 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್. ಗಣೇಶರಿಗೂ ಜೂಡ್ ಫೆಲಿಕ್ಸ್‌ರಿಗೂ ಇಂಥ ಅಖಂಡ ಹತ್ತು ವರ್ಷ ಯಾರೂ ಕೊಡಲಿಲ್ಲ. ಹಣದ ಮಾತು ಒತ್ತಟ್ಟಿಗಿರಲಿ, ಸಮಯದ ಮಾತೇ ಮುಖ್ಯ. ಹಾಕಿಯಲ್ಲಿ ಈಗ ಆ ದಿಕ್ಕಿನಲ್ಲಿ ಒಂದು ಹೆಜ್ಜೆ ಕಾಣುತ್ತಿದೆ: ಪ್ಯಾರಿಸ್‌ನಲ್ಲಿ ಕಂಚು ಗೆದ್ದು ನಿವೃತ್ತರಾದ ಕೇರಳದ ಗೋಲ್‌ಕೀಪರ್ ಪಿ. ಆರ್. ಶ್ರೀಜೇಶ್‌ಗೆ ನೇರ ಜೂನಿಯರ್ ತಂಡ ಒಪ್ಪಿಸಲಾಯಿತು. 2024ರ ಡಿಸೆಂಬರ್‌ನಲ್ಲೇ ಆ ತಂಡ ಜೂನಿಯರ್ ಏಷ್ಯಾ ಕಪ್ ಗೆದ್ದಿತು.

ಆಟಗಾರರ ಬೇರು ಗಟ್ಟಿಯಾಗಿರುವುದು ಕೊಡಗಿನಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ಮನೆತನಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನ ನಡೆಸಿದ ಉತ್ಸವದಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಪ್ರತಿ ವರ್ಷ ಒಂದೊಂದು ಮನೆತನದ ಯಜಮಾನಿಕೆ. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುತ್ತಾರೆ. ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಟರ್ಫ್ ಇದೇ ನೆಲದಲ್ಲಿವೆ. ಸಂಸ್ಕೃತಿ ಇದ್ದಲ್ಲಿ ಮಕ್ಕಳು ತಾವಾಗಿಯೇ ಸ್ಟಿಕ್ ಹಿಡಿಯುತ್ತಾರೆ. ಅದಿಲ್ಲದ ಕಡೆ ಮೊದಲು ಹೋಗಬೇಕಾದವನು ತರಬೇತುದಾರ.

ಹಾಗೆ ಇಲ್ಲದ ಕಡೆಗಳಲ್ಲಿ ಕೊಪ್ಪಳ ಸೀಮೆಯೂ ಒಂದು. ಜಿಲ್ಲಾ ಕೇಂದ್ರದ ಪೂರ್ವಕ್ಕೆ, ಹೊಸಪೇಟೆ ದಾರಿಯಲ್ಲಿರುವ ಗಿಣಿಗೇರಾ ಉಕ್ಕಿನ ಕಾರ್ಖಾನೆಗಳ ಊರು, ರೈಲ್ವೆ ಜಂಕ್ಷನ್. ಗಂಗಾವತಿ, ಕಾರಟಗಿ ಕಡೆಗೆ ಹೊಸ ಮಾರ್ಗ ಕವಲೊಡೆಯುವುದು ಇಲ್ಲೇ. ಇಲ್ಲಿನ ಹುಡುಗರ ಆಟ ಕಬಡ್ಡಿ, ಖೊಖೊ, ವಾಲಿಬಾಲ್, ಕ್ರಿಕೆಟ್. ಅದೇ ಹಳಿಯ ಮೇಲೆ ಪಶ್ಚಿಮಕ್ಕೆ ಹೋದರೆ ಗದಗ-ಬೆಟಗೇರಿ, ಹುಬ್ಬಳ್ಳಿ ಸಿಗುತ್ತವೆ. ಉತ್ತರ ಕರ್ನಾಟಕದಲ್ಲಿ ಹಾಕಿ ಆಡಿದ ಹಳೆಯ ಊರುಗಳು ಅವು, ಹುಬ್ಬಳ್ಳಿ ನೈರುತ್ಯ ರೈಲ್ವೆಯ ಕೇಂದ್ರವೂ ಹೌದು. ಪೂರ್ವಕ್ಕೆ ಹೋದರೆ ತೋರಣಗಲ್ಲು. ಅಲ್ಲಿ ಉಕ್ಕು ಕಂಪನಿಯೊಂದು 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆ ದೇಶವಿದೇಶದ ತರಬೇತುದಾರರು ಅಲ್ಲಿದ್ದಾರೆ. ಒಣ ಬಯಲಿನ ನಡುವೆ ಜಗತ್ತಿನ ಮಟ್ಟದ ತರಬೇತಿ ಕೊಡಬಹುದು ಎಂಬುದಕ್ಕೆ ಅದು ಕಣ್ಣೆದುರಿನ ಸಾಕ್ಷಿ.

ಹಾಕಿಗೆ ಇಲ್ಲಿ ಇನ್ನೊಂದು ತೊಡಕು: ನೀರು. ಅಂತರರಾಷ್ಟ್ರೀಯ ಟರ್ಫ್ ಪ್ರತಿ ಪಂದ್ಯಕ್ಕೂ ಒದ್ದೆಯಾಗಬೇಕು. ಗಂಗಾವತಿಯ ಕಾಲುವೆ ಬಯಲು ಬಿಟ್ಟರೆ ಕುಷ್ಟಗಿ, ಯಲಬುರ್ಗಾ ಕಡೆ ಮಳೆಯನ್ನೇ ನಂಬಿದ ಎರೆ ಹೊಲ, ಮಸಾರಿ ಹೊಲ. ಕುಡಿಯುವ ನೀರಿಗೆ ಕೊಡ ಹಿಡಿದು ನಿಂತ ಊರಿನಲ್ಲಿ ಟರ್ಫ್‌ಗೆ ನೀರು ಹಾಯಿಸಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ನೀರಿಲ್ಲದೆ ಆಡಬಹುದಾದ ಹಾಸುಗಳ ಕಡೆ ಹೊರಳುತ್ತಿರುವುದು ಇಂಥ ಸೀಮೆಗಳಿಗೆ ನಿಜವಾದ ಸುದ್ದಿ. ಐದೈದು ಜನರ ‘ಹಾಕಿ ಫೈವ್ಸ್’ ಮತ್ತೊಂದು ದಾರಿ. ಅದರ ಮೊದಲ ವಿಶ್ವಕಪ್ 2024ರ ಜನವರಿಯಲ್ಲಿ ಮಸ್ಕತ್‌ನಲ್ಲಿ ನಡೆದು ಭಾರತದ ಮಹಿಳೆಯರು ಬೆಳ್ಳಿ ಗೆದ್ದರು. ಅಂಗಳ ಚಿಕ್ಕದು, ಹತ್ತು ಸ್ಟಿಕ್ ಇದ್ದರೆ ಎರಡು ತಂಡ. ಹೈಸ್ಕೂಲಿನ ಬಯಲಿನಲ್ಲಿ ಪಿ.ಟಿ. ಮಾಸ್ತರರು ನಾಳೆಯೇ ಶುರು ಮಾಡಬಹುದು, ಅವರಿಗೆ ಒಬ್ಬ ಹಳೆಯ ಆಟಗಾರ ಬಂದು ಸ್ಟಿಕ್ ಹಿಡಿಯುವ ಬಗೆ ತೋರಿಸಿಕೊಟ್ಟರೆ. ರೈಲ್ವೆಯಲ್ಲಿ, ಸೇನೆಯಲ್ಲಿ ಹಾಕಿ ಆಡಿ ನಿವೃತ್ತರಾದವರು ಹುಬ್ಬಳ್ಳಿ, ಗದಗ ಕಡೆ ಈಗಲೂ ಇದ್ದಾರೆ. ಗಿಣಿಗೇರಾಕ್ಕೆ ಅಲ್ಲಿಂದ ದಿನವೂ ರೈಲಿದೆ.